ದುಂಡಗಿದ್ದರೆ ಸೊನ್ನೆ, ಚುಂಚಿದ್ದರೆ ಐದು

ಸೊನ್ನೆಗೆ ಬೆಲೆಯಿಲ್ಲ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಇವತ್ತಿಗೂ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಅದರ ಬೆಲೆ ಎಷ್ಟು ಎಂಬುದನ್ನು ಲಿಂಗಸುಗೂರಿನಲ್ಲಿ ನನಗೆ ಚೆನ್ನಾಗಿ ಕಲಿಸಿದ್ದಾರೆ. ಕಲಿಸಿದವರು ಎಲ್ಲರೂ ಓದಿದವರು, ಶೇರ್ವಾನಿಯ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡವರು.

ನಿಜಾಮರ ಕಾಲ. ನಾನು ಮಸ್ಕಿಯವನು, ಲಿಂಗಸುಗೂರಿನ ಒಂದು ಶಾಲೆಯಲ್ಲಿ ಲೆಕ್ಕದ ಮಾಸ್ತರ. ಕಾಯಂ ಮಾಸ್ತರನಲ್ಲ, ಹಂಗಾಮಿ. ಕಾಯಂ ಎನ್ನುವುದಕ್ಕೆ ಆಗ 'ಮುಸ್ತಕಿಲ್' ಎನ್ನುತ್ತಿದ್ದರು, ಹಂಗಾಮಿಗೆ 'ಆರ್ಜಿ'. ನಮ್ಮ ಮಂದಿಯ ಬಾಯಲ್ಲಿ ಆರ್ಜಿ ಹೋಗಿ ಅರ್ಜಿ ಆಗಿತ್ತು. ಅದೇನು ತಪ್ಪಲ್ಲ ಬಿಡಿ, ಅರ್ಜಿ ಬರೆಯುವುದೊಂದೇ ಆಗ ನಮ್ಮ ಕಾಯಂ ಕೆಲಸವಾಗಿತ್ತು.

ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ಎಮ್ಮೆಗೆ ಬಯ್ಯುವುದೂ ಕನ್ನಡದಲ್ಲಿ. ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಮಾಸ್ತರರೂ ಹುಡುಗರೂ ಬೇರೆ ದೇಶದವರಾಗಿಬಿಡುತ್ತಿದ್ದೆವು. ನಾನು ಕನ್ನಡದಲ್ಲಿ ಯೋಚಿಸಿ ಉರ್ದುವಿನಲ್ಲಿ ಹೇಳಬೇಕು, ಹುಡುಗರು ಉರ್ದುವಿನಲ್ಲಿ ಕೇಳಿ ಕನ್ನಡದಲ್ಲಿ ತಿಳಿದುಕೊಳ್ಳಬೇಕು. ನಡುವೆ ಎಷ್ಟು ಸೋರಿ ಹೋಗುತ್ತಿತ್ತೋ ಆ ಶಿವನಿಗೇ ಗೊತ್ತು.

ಬೀಜಗಣಿತಕ್ಕೆ ಉರ್ದುವಿನಲ್ಲಿ 'ಜಬರ್-ಒ-ಮುಕಾಬಲಾ' ಎಂದು ಹೆಸರು. ಜಬರದಸ್ತಿಯೂ ಗೊತ್ತು, ಮುಕಾಬಲೆಯೂ ಗೊತ್ತು ನಮ್ಮ ಹುಡುಗರಿಗೆ. ಮೊದಲ ದಿನ ಅರ್ಧ ವರ್ಗ ಇದು ಕುಸ್ತಿ ಎಂದೇ ತಿಳಿದು ಬಂದು ಕೂತಿತ್ತು. ಇನ್ನು ಗೊತ್ತಿಲ್ಲದ ಸಂಖ್ಯೆಗೆ ಬೇರೆ ಕಡೆ ಎಕ್ಸ್ ಎಂದು ಬರೆಯುತ್ತಾರೆ. ನಮ್ಮಲ್ಲಿ ಅದಕ್ಕೆ 'ಲಾ' ಎಂದು ಬರೆಯುತ್ತಿದ್ದೆವು. ಅರಬ್ಬಿಯಲ್ಲಿ ಲಾ ಎಂದರೆ ಇಲ್ಲ ಎಂದು ಅರ್ಥವಂತೆ. ಅರಬ್ಬಿ ಯಾರಿಗೆ ಬೇಕಾಗಿತ್ತು? ಬಜಾರದ ಉರ್ದುವಿನಲ್ಲಿ ಲಾ ಎಂದರೆ ತಾ, ತೆಗೆದುಕೊಂಡು ಬಾ. ನಾನು ಹಲಗೆಯ ಮೇಲೆ 'ಲಾ ಬರಾಬರ್ ಪಾಂಚ್' ಎಂದು ಬರೆದರೆ ಹಿಂದಿನಿಂದ ಒಬ್ಬ ಕೂಗುತ್ತಿದ್ದ:

"ಯಾರು ತರಬೇಕ್ರೀ ಮಾಸ್ತರ ಐದು?"

"ನಿಮ್ಮಪ್ಪ ತರ್ತಾನ, ಸುಮ್ನ ಕುಂದ್ರಲೇ!" ಎನ್ನುತ್ತಿದ್ದೆ. ಇಷ್ಟೆಲ್ಲ ಆಗಿಯೂ ಆ ಹುಡುಗರು ಲೆಕ್ಕ ಕಲಿತರು ನೋಡಿ, ಅದು ಅವರ ದೊಡ್ಡತನ.

ನಿಜವಾದ ಪೀಡೆ ಸೊನ್ನೆಯದು. ಹುಡುಗರು ಮಠದ ಜಗಲಿಯಲ್ಲಿ ಉಸುಕಿನ ಮೇಲೆ ಬೆರಳು ತಿದ್ದಿ ಅಂಕಿ ಕಲಿತು ಬಂದವರು. ನಮ್ಮ ಸೊನ್ನೆ ದುಂಡಗೆ, ಬಳೆಯ ಹಾಗೆ. ಉರ್ದುವಿನಲ್ಲಿ ಸೊನ್ನೆಗೆ ಸಿಫರ್ ಎನ್ನುತ್ತಾರೆ. ಬರೆಯುವುದು ಒಂದು ಚುಕ್ಕಿ, ಅಷ್ಟೆ. ಹಾಗಾದರೆ ದುಂಡನೆಯದು ಏನು? ಅದು ಅವರ ಐದು! ನಮ್ಮ ಸೊನ್ನೆಯ ತಲೆಯನ್ನು ಎರಡು ಬೆರಳಿನಿಂದ ಸ್ವಲ್ಪ ಹಿಂಡಿದರೆ ಉರ್ದುವಿನ ಐದಾಯಿತು. ಮನೆಯಲ್ಲಿ ಏನೂ ಇಲ್ಲ ಎಂದು ಕಲಿತದ್ದು ಶಾಲೆಯಲ್ಲಿ ಐದಾಗುತ್ತಿತ್ತು. ಹತ್ತು ವರ್ಷದ ಹುಡುಗ ವಯಸ್ಸು ಬರೆದರೆ ಹದಿನೈದರವನಾಗಿ ಎದ್ದು ನಿಲ್ಲುತ್ತಿದ್ದ.

ಚುಕ್ಕಿಯನ್ನೇ ಬರೆಸಬಹುದಾಗಿತ್ತಲ್ಲ ಎನ್ನುತ್ತೀರಿ. ನಮ್ಮ ಶಾಲೆಯ ಕರಿಹಲಗೆಯನ್ನು ನೀವು ನೋಡಿಲ್ಲ. ಇದ್ದಿಲ ಪುಡಿಗೆ ಎಲೆಯ ರಸ ಕಲಸಿ ಬಳಿದ ಹಳೆ ಮರದ ಹಲಗೆ, ಸಿಡುಬಿನ ದೇವಿ ಬಂದು ಹೋದ ಮುಖದ ಹಾಗೆ ಮೈತುಂಬ ಕುಳಿ. ಸುಣ್ಣದ ಚೂರು ಪ್ರತಿ ಕುಳಿಯಲ್ಲೂ ಹೊಕ್ಕು ಕೂತು ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಚುಕ್ಕಿ ಇಟ್ಟರೆ ಸರಕಾರ ಇಟ್ಟದ್ದು ಯಾವುದು, ಗೆದ್ದಲು ಇಟ್ಟದ್ದು ಯಾವುದು ತಿಳಿಯುತ್ತಿರಲಿಲ್ಲ. ಅದಕ್ಕೆ ನನ್ನ ವರ್ಗದ ಮಟ್ಟಿಗೆ ನಾನೊಂದು ಕಾನೂನು ಮಾಡಿದೆ: "ದುಂಡಗಿದ್ರ ಸೊನ್ನಿ, ಚುಂಚು ಇದ್ರ ಐದು. ಐದಕ್ಕ ಗುಬ್ಬಿ ಚುಂಚಿನಂಗ ಮ್ಯಾಲ ಚೂಪ್ ಮಾಡ್ರಿ." ಹುಡುಗರಿಗೆ ಬಹಳ ಖುಷಿಯಾಯಿತು. ಕೆಲವರು ಐದಕ್ಕೆ ಕಣ್ಣನ್ನೂ ಬರೆದರು.

ಸೊನ್ನೆಯನ್ನು ಇಷ್ಟು ಕಾಯುವುದಕ್ಕೆ ಕಾರಣ ಇತ್ತು. ಸಮೀಕರಣ ಬಿಡಿಸುವವನಿಗೆ ಸೊನ್ನೆಗಿಂತ ಹತ್ತಿರದ ನೆಂಟನಿಲ್ಲ. ಎರಡು ಸಂಖ್ಯೆ ಗುಣಿಸಿ ಐದು ಬಂತು ಅನ್ನಿ, ಆ ಎರಡು ಯಾವುವು? ಒಂದು ಮತ್ತು ಐದು ಇರಬಹುದು, ಹತ್ತು ಮತ್ತು ಅರ್ಧ ಇರಬಹುದು, ಇಪ್ಪತ್ತು ಮತ್ತು ಕಾಲು ಇರಬಹುದು. ಹೇಳಲಿಕ್ಕೆ ಬರುವುದಿಲ್ಲ. ಆದರೆ ಗುಣಿಸಿ ಸೊನ್ನೆ ಬಂತು ಅನ್ನಿ. ಮುಗಿಯಿತು! ಎರಡರಲ್ಲಿ ಒಂದು ಸೊನ್ನೆ ಆಗಿರಲೇಬೇಕು, ಬೇರೆ ದಾರಿಯೇ ಇಲ್ಲ. "ಉಳಿದ ಸಂಖ್ಯೆಗುಳು ತಮ್ಮ ಮನಿ ಗುಟ್ಟು ಬಿಡೂದಿಲ್ಲ, ಸೊನ್ನಿ ಒಂದ ಚಾಡಿ ಹೇಳ್ತೈತಿ" ಎಂದು ಹುಡುಗರಿಗೆ ಹೇಳುತ್ತಿದ್ದೆ. ಆದ್ದರಿಂದ ಇದ್ದದ್ದನ್ನೆಲ್ಲ ಒಂದು ಕಡೆ ಸೇರಿಸು, ಇನ್ನೊಂದು ಕಡೆ ಸೊನ್ನೆ ಕೂಡಿಸು, ಆಮೇಲೆ ಅದು ಏನು ಹೇಳುತ್ತದೋ ಕೇಳು. ಇದೇ ನನ್ನ ಪಾಠ.

ನಮ್ಮ ಹೆಡ್ ಮಾಸ್ತರರ ಪಾಠ ಬೇರೆ ಇತ್ತು. ಅವರು ಷಾಯರಿ ಹೇಳಿದರೆ ಕಚೇರಿಯ ಜವಾನನೂ ಕಣ್ಣೊರೆಸಿಕೊಳ್ಳುತ್ತಿದ್ದ, ಅಂಥ ಉರ್ದು. ಲೆಕ್ಕದಲ್ಲಿ ಮಾತ್ರ ಅವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: "ಎರಡೂ ಕಡಿ ಒಂದ ಥರದ್ದು ಕಂಡ್ರ ಹೊಡದ ಹಾಕು." ಲಾವನ್ನು ಲಾದಿಂದಲೇ ಗುಣಿಸಿದ್ದು ಐದು ಲಾಗಳಿಗೆ ಸಮ ಎಂದು ಲೆಕ್ಕವಿದ್ದರೆ, ಅವರು ಎರಡೂ ಕಡೆಯ ಒಂದೊಂದು ಲಾ ಹೊಡೆದು, ಲಾ ಸಮ ಐದು ಎಂದು ಬರೆದು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಲಾ ಸೊನ್ನೆಯಾದರೂ ಆ ಲೆಕ್ಕ ಕೂಡುತ್ತದೆ, ಹೊಡೆದು ಹಾಕಿದಾಗ ಆ ಉತ್ತರ ಸತ್ತು ಹೋಯಿತು ಎಂದು ನಾನು ಒಮ್ಮೆ ಹೇಳಿದೆ. "ಹೋಗ್ಲಿ ಬಿಡಪಾ, ಸೊನ್ನಿ ಸತ್ರ ಯಾರು ಅಳ್ತಾರ?" ಎಂದರು. ಕೆಟ್ಟವರಲ್ಲ ಅವರು. ಸೊನ್ನೆಯ ಬಗ್ಗೆ ಕರುಣೆ ಇರಲಿಲ್ಲ, ಅಷ್ಟೆ.

ಇನ್ನು ಒಬ್ಬ ಹುಡುಗಿಯ ಮಾತಿಗೆ ಬರುತ್ತೇನೆ. ಸಿಂಧನೂರಿನಲ್ಲಿ ಒಬ್ಬ ಕಿರಾಣಿ ಸಾವುಕಾರರು ತಮ್ಮ ಮಗಳನ್ನು ನನಗೆ ಕೊಡುವುದೆಂದು ಮಾತು ಎತ್ತಿದ್ದರು. ಹೆಣ್ಣು ನೋಡಲು ಹೋದೆವು. ಹಿರಿಯರು ಹಾಡು ಬರ್ತದೇನು, ಕಸೂತಿ ಬರ್ತದೇನು ಎಂದು ಕೇಳಿ ಮುಗಿಸಿದರು. ನನಗೆ ಲೆಕ್ಕದ ಮಾಸ್ತರನ ಸೊಕ್ಕು ಸುಮ್ಮನೆ ಬಿಡಲಿಲ್ಲ.

"ಸೊನ್ನಿ ಅಂದ್ರ ಏನು, ಹೇಳ ನೋಡೂಣು" ಎಂದೆ.

ಅವಳು ತಲೆ ಎತ್ತದೆ, "ರೊಟ್ಟಿ ತಿಂದ ಮ್ಯಾಲ ತಾಟಿನ್ಯಾಗ ಉಳಿಯೂದ್ರೀ" ಎಂದಳು. ತಾಯಿ ಕಣ್ಣು ಕೆಕ್ಕರಿಸಿದಳು. ಹುಡುಗಿ ಹೆದರಲಿಲ್ಲ. "ಅದನ್ನ ನೋಡೇ ಅಲ್ಲೇನ್ರೀ, ಇನ್ನೊಂದು ರೊಟ್ಟಿ ಬೇಕಂತ ತಿಳಿಯೂದು?"

ಅಬ್ಬಾ! ನಾನು ನಕ್ಕ ನಗುವಿಗೆ ನನ್ನ ಅವ್ವ ನನ್ನ ತೊಡೆ ಚಿವುಟಿದಳು. ನನಗೆ ಆ ಹುಡುಗಿ ಬಹಳ ಮನಸ್ಸಿಗೆ ಬಂದಳು. ಮುಚ್ಚುಮರೆ ಯಾಕೆ? ಮಸ್ಕಿಗೆ ತಿರುಗಿ ಬರುವಾಗ ಗಾಡಿಯಲ್ಲಿ ಒಬ್ಬನೇ ಮತ್ತೆ ಮತ್ತೆ ನಗುತ್ತಿದ್ದೆ, ಗಾಡಿ ಹೊಡೆಯುವವನು ಹಿಂದಿರುಗಿ ನೋಡುತ್ತಿದ್ದ.

ಸಾವುಕಾರರಿಗೂ ನಾನು ಮನಸ್ಸಿಗೆ ಬಂದೆ. ಒಂದೇ ಕರಾರು. "ಮುಸ್ತಕಿಲ್ ಆಗ್ರಿ. ಆದ ಮರುದಿನನ ಲಗ್ನ ಗೊತ್ತ ಮಾಡೂಣು. ಆರ್ಜಿ ಮನಷ್ಯಾಗ ಮಗಳ್ನ ಕೊಟ್ರ ಮಗಳೂ ಆರ್ಜಿ ಆಗ್ತಾಳ್ರೀ" ಎಂದರು. ನ್ಯಾಯದ ಮಾತೇ. ಆಗ ನಮ್ಮ ಶಾಲೆಗೆ ಒಂದು ಮುಸ್ತಕಿಲ್ ಜಾಗ ಬಂದಿತ್ತು, ಹಂಗಾಮಿಗಳು ನಾವು ಇಬ್ಬರು. ಇನ್ನೊಬ್ಬ ಭೂಗೋಳದ ಮಾಸ್ತರ, ಮುದಗಲ್ಲಿನವನು, ನಮ್ಮ ಜಾತಿಯವನೇ. ಬಡಪಾಯಿ, ಯಾರ ಗೊಡವೆಗೂ ಹೋಗದವನು. ಯಾರಾದರೂ ದೊಡ್ಡವರು ಕೃಷ್ಣಾ ನದಿ ಪಡುವಲಕ್ಕೆ ಹರಿಯುತ್ತದೆ ಎಂದರೆ, ಹೌದು ಹುಜೂರ್, ಇತ್ತೀಚೆಗೆ ಹಾಗೇ ಹರಿಯುತ್ತಿದೆ ಎನ್ನುವಂಥವನು. ಲೆಕ್ಕಕ್ಕೇ ಮಾಸ್ತರ ಬೇಕಾಗಿದ್ದರಿಂದ ಜಾಗ ನನ್ನದೇ ಎಂದು ಎಲ್ಲರೂ ಹೇಳಿದ್ದರು. ಶಾಲಾ ತನಿಖೆಯ ದೊಡ್ಡ ಸಾಹೇಬರು ಒಮ್ಮೆ ಬಂದು ನನ್ನ ಪಾಠ ನೋಡಿ ಒಪ್ಪಿಗೆ ಅಂದರೆ ಸಾಕು. ಅವರು ಒಪ್ಪಿದರೆ ನೌಕರಿ, ನೌಕರಿಯ ಬೆನ್ನಿಗೆ ಹುಡುಗಿ.

ಸಾಹೇಬರು ಬಂದರು. ಶೇರ್ವಾನಿ, ಕೆಂಪು ಟೋಪಿ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಕೋಲು. ಅವರ ಉರ್ದು ಎಷ್ಟು ಮೇಲ್ಮಟ್ಟದ್ದೆಂದರೆ ನಮ್ಮ ಹೆಡ್ ಮಾಸ್ತರರೂ ಅಲ್ಲಲ್ಲಿ ಕಿವಿ ಚೂಪು ಮಾಡಬೇಕಾಯಿತು. ಕನ್ನಡ ಎಂಬ ಭಾಷೆ ಈ ಭೂಮಿಯ ಮೇಲಿದೆ ಎಂಬುದೇ ಅವರಿಗೆ ತಿಳಿಯದು ಅನ್ನುವ ಹಾಗಿದ್ದರು. ನನಗೆ ಮಾತ್ರ ಒಳಗೊಳಗೇ ನಗು. ಯಾಕೆಂದರೆ ಅವರು ನಮ್ಮ ಸೀಮೆಯವರೇ, ಅವರ ಸೋದರಮಾವನ ಮನೆ ನಮ್ಮ ಮಸ್ಕಿಯಲ್ಲಿ ನಮ್ಮ ಓಣಿಯಲ್ಲೇ ಇತ್ತು. ಚಿಕ್ಕವರಿದ್ದಾಗ ಅವರು ಅದೇ ಓಣಿಯ ಮಠದ ಜಗಲಿಯಲ್ಲಿ ಅಯ್ಯನವರ ಕೈಯಲ್ಲಿ ಕಿವಿ ತಿರುವಿಸಿಕೊಂಡು ಅಂಕಿ ಕಲಿತದ್ದನ್ನು ಓಣಿಯ ಮುದುಕಿಯರೆಲ್ಲ ಹೇಳುತ್ತಿದ್ದರು.

ಅವರು ನನ್ನ ವರ್ಗಕ್ಕೆ ಬಂದು, ಹೆಡ್ ಮಾಸ್ತರರು ಕಿವಿಯಲ್ಲಿ ಹೇಳಿಕೊಟ್ಟದ್ದೋ ಏನೋ, ಅದೇ ಲೆಕ್ಕ ಕೊಟ್ಟರು. ಲಾವನ್ನು ಲಾದಿಂದ ಗುಣಿಸಿದರೆ ಐದು ಲಾಗಳಿಗೆ ಸಮ, ಲಾ ಎಷ್ಟು? ಪಾಮನಕಲ್ಲೂರಿನಿಂದ ಬಂದು ಓದುತ್ತಿದ್ದ ಒಬ್ಬ ಜಾಣ ಹುಡುಗನನ್ನು ನಾನು ಹಲಗೆಗೆ ಕಳಿಸಿದೆ.

ಹುಡುಗ ಬಂಗಾರದಂಥ ಲೆಕ್ಕ ಮಾಡಿದ. ಐದು ಲಾಗಳನ್ನು ಈಚೆ ತಂದು ಕಳೆದ, ಆಚೆ ಸೊನ್ನೆ ಉಳಿಸಿದ. ಲಾವನ್ನು ಹೊರಗೆ ತೆಗೆದ, ಕಂಸದ ಒಳಗೆ ಲಾದಲ್ಲಿ ಐದು ಕಳೆದದ್ದು ಉಳಿಯಿತು. ಎರಡರ ಗುಣಾಕಾರ ಸೊನ್ನೆ. ಆದ್ದರಿಂದ ಲಾ ಸಮ ಸೊನ್ನೆ, ಇಲ್ಲವೇ ಲಾ ಸಮ ಐದು. ಶಾಭಾಸ್ ಎನ್ನಲು ನಾನು ಬಾಯಿ ತೆರೆದವನು ಹಾಗೇ ನಿಂತೆ. ಬೆಳ್ಳಿ ಹಿಡಿಕೆಯ ಕೋಲನ್ನು ನೋಡಿ ಹೆದರಿದ್ದ ಹುಡುಗ ಚುಂಚು ಹಾಕುವುದನ್ನು ಮರೆತಿದ್ದ. ಹಲಗೆಯ ತುಂಬ ದುಂಡು, ದುಂಡು, ದುಂಡು.

ಸಾಹೇಬರು ಕನ್ನಡಕ ಏರಿಸಿ ಓದಿದರು. ಅವರು ಉರ್ದುವಿನಲ್ಲಿ ಅಂದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. "ಲಾ ಸಮ ಐದು, ಇಲ್ಲವೇ ಲಾ ಸಮ ಐದು. ಏನಿದು? ಒಂದೇ ಉತ್ತರ ಎರಡು ಸಲ? ಈ ಶಾಲೆಯ ಹುಡುಗರು ಬರೆಯುವಾಗಲೂ ತೊದಲುತ್ತಾರೇನು?"

ಹೆಡ್ ಮಾಸ್ತರರು ಚಂಗನೆ ಮುಂದೆ ಬಂದರು. ಸುಣ್ಣದ ಕಡ್ಡಿ ಕಸಿದುಕೊಂಡು ಎರಡೂ ಕಡೆಯ ಲಾ ಹೊಡೆದು ಹಾಕಿ, ಲಾ ಸಮ ಐದು ಎಂದು ದೊಡ್ಡದಾಗಿ ಬರೆದು, ಮುಗುಳ್ನಕ್ಕರು. ಸಾಹೇಬರು ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಭೂಗೋಳದ ಮಾಸ್ತರನ ಕಡೆಗೆ ಕೋಲು ತೋರಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು.

"ಐದು ಹುಜೂರ್. ಅಗದಿ ಐದು" ಎಂದ ಅವನು. ಕೇಳಿದವರು ಏಳು ಎಂದಿದ್ದರೆ ಅಗದಿ ಏಳು ಎನ್ನುತ್ತಿದ್ದ.

ಅಲ್ಲಿಗೆ ಮುಗಿಯಬೇಕಾಗಿತ್ತು. ಹೆಡ್ ಮಾಸ್ತರರು ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: "ಸುಮ್ನ ಹ್ಞೂಂ ಅನ್ನು ಮಾರಾಯಾ. ಸಾಹೇಬ್ರು ಖುಷಿ ಆಗ್ಯಾರ. ನಿನ್ನ ಜಾಗಾ ಆತು, ಲಗ್ನನೂ ಆತು." ಹುಡುಗನ ಮುಖ ನೋಡಿದೆ. ತನ್ನದೇನು ತಪ್ಪು ಎಂದು ತಿಳಿಯದೆ ತನ್ನ ಲೆಕ್ಕವನ್ನೇ ಮತ್ತೆ ಮತ್ತೆ ಓದುತ್ತಿದ್ದ. ಅಳು ಬರುವಷ್ಟು ಸರಿಯಾದ ಲೆಕ್ಕ ಮಾಡಿ ನಿಂತಿದ್ದಾನೆ, ಅವನಿಗೆ ತೊದಲು ಎಂಬ ಬಿರುದು! ನನ್ನ ಸಿಟ್ಟು ನನ್ನ ಮಾತು ಕೇಳುವಂಥದ್ದಲ್ಲ.

"ಹುಜೂರ್, ಅದು ಐದಲ್ಲ. ಮೊದಲನೆಯದು ಸಿಫರ್. ಈ ಲೆಕ್ಕಕ್ಕೆ ಎರಡು ಉತ್ತರ" ಎಂದೆ.

"ಸಿಫರ್? ಚುಕ್ಕಿ ಎಲ್ಲಿದೆ?"

ದುಂಡನ್ನು ಒರೆಸಿ ಚುಕ್ಕಿ ಇಟ್ಟೆ. ಸಾಹೇಬರು ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಕುಳಿಗಳೆಲ್ಲ ಬೆಳ್ಳಗೆ ಅವರನ್ನೇ ನೋಡುತ್ತಿದ್ದವು. "ಇದೋ? ಇದೋ? ಅದೋ?" ಎಂದು ಕೋಲಿನಿಂದ ಒಂದೊಂದನ್ನೇ ಕುಟ್ಟಿದರು. ಒಂದು ಕುಳಿಯಿಂದ ಸುಣ್ಣದ ಪುಡಿ ಉದುರಿತು. "ನನಗೆ ಇಲ್ಲಿ ಏನೂ ಕಾಣುತ್ತಿಲ್ಲ. ಸರಿಯೇ ಆಯಿತು, ಸಿಫರ್ ಎಂದರೆ ಏನೂ ಇಲ್ಲ. ಏನೂ ಇಲ್ಲದ್ದು ಉತ್ತರ ಹೇಗಾದೀತು?"

"ಲಾ ಇರುವಲ್ಲಿ ಸೊನ್ನೆ ಇಟ್ಟು ನೋಡಿ ಹುಜೂರ್. ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಐದು ಸೊನ್ನೆಯೂ ಸೊನ್ನೆ. ಎರಡೂ ಕಡೆ ಕೂಡಿತು."

"ಏನೂ ಇಲ್ಲದ್ದು ಏನೂ ಇಲ್ಲದ್ದಕ್ಕೆ ಸಮ! ವಾಹ್, ದೊಡ್ಡ ಶೋಧ."

"ಹುಜೂರ್, ಹೆಡ್ ಮಾಸ್ತರರು ಲಾದಿಂದ ಭಾಗಿಸಿ ಹೊಡೆದು ಹಾಕಿದರು. ಆ ಲಾ ಸೊನ್ನೆ ಆಗಿದ್ದರೆ? ಸೊನ್ನೆಯಿಂದ ಭಾಗಿಸಿದ ಹಾಗಾಯಿತು. ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ."

ಸಾಹೇಬರ ಮುಖ ಟೋಪಿಯ ಬಣ್ಣಕ್ಕೆ ಬಂತು. ಹುಡುಗ ಬರೆದ ಉಳಿದ ದುಂಡುಗಳ ಕಡೆ ಕೋಲು ಬೀಸಿ, "ಹಾಗಾದರೆ ಇವೆಲ್ಲ ಏನು? ಯಾವ ಕಾಡಿನ ಅಂಕಿ ಇವು? ಇಂಥದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ!" ಎಂದರು.

ಜನ್ಮದಲ್ಲಿ ನೋಡಿಲ್ಲ! ಲೆಕ್ಕ ಬರದಿದ್ದರೆ ಕ್ಷಮಿಸಬಹುದು. ಬರುವುದನ್ನೇ ಬರುವುದಿಲ್ಲ ಎಂದರೆ? ನನ್ನ ಉರ್ದು ಅಲ್ಲಿಗೆ ಕೈಕೊಟ್ಟಿತು. ಬಾಯಿಗೆ ಬಂದದ್ದು ಕನ್ನಡ.

"ಮಸ್ಕ್ಯಾಗ ನಿಮ್ಮ ಮಾಂವನ ಮನಿ ಮುಂದಿನ ಮಠದಾಗ ಅಯ್ನೋರು ನಿಮ್ಮ ಬೆರಳ ಹಿಡದು ಉಸುಕಿನ್ಯಾಗ ತಿದ್ದಿಸಿದ್ದು ಇದ ಸೊನ್ನಿ ಅಲ್ಲೇನ್ರೀ ಹುಜೂರ್? ಮರ್ತ್ರ್ಯಾ?"

ಹಿಂದಿನ ಸಾಲಿನಲ್ಲಿ ಯಾವನೋ ಕಿಸಕ್ಕನೆ ನಕ್ಕ. ಅದರ ಹಿಂದೆ ಇಡೀ ವರ್ಗ ನಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಡ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದು, ಅಷ್ಟು ಹೊತ್ತಿನಲ್ಲಿ ಮೊದಲ ಸಲ, ನಮ್ಮ ಓಣಿಯ ಅಗದಿ ಅಚ್ಚ ಕನ್ನಡದಲ್ಲಿ ಹೇಳಿದರು:

"ನಾಳಿಂದ ಸಾಲಿ ಕಡಿ ಬರಬ್ಯಾಡ ನೀ."

ಒಂದು ತಪ್ಪಿಲ್ಲ, ಒಂದು ತೊಡಕಿಲ್ಲ. ಕನ್ನಡ ಎಷ್ಟು ಚೆನ್ನಾಗಿ ಬರುತ್ತಿತ್ತು ಅವರಿಗೆ!

ಹೊರಗೆ ಬಂದ ಮೇಲೆ ಹೆಡ್ ಮಾಸ್ತರರು ಬೇವಿನ ಮರದ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಕಣ್ಣಲ್ಲಿ ನೀರಿತ್ತು. "ಐದು ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ?" ಎಂದರು.

"ಐದು ಅಂತ ನಾನೂ ಅಂದೀನ್ರಿ. ಸೊನ್ನಿನೂ ಅಂದೀನಿ" ಎಂದೆ.

"ಆ ಸೊನ್ನಿ ನಿನಗೇನ್ ಸ್ವಾದರಮಾವನೇನು?" ಎಂದು ತಲೆ ಚಚ್ಚಿಕೊಂಡು ಒಳಗೆ ಹೋದರು. ಸಾಹೇಬರ ಊಟದ ವ್ಯವಸ್ಥೆ ನೋಡಬೇಕಾಗಿತ್ತು ಅವರಿಗೆ.

ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು ಎಂದು ಸಿಂಧನೂರಿಗೆ ಹೋದೆ. ಸಾವುಕಾರರು ಅಂಗಡಿ ಬಿಟ್ಟು ಮನೆಗೆ ಕರೆದುಕೊಂಡು ಹೋದರು, ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ಮುಸ್ತಕಿಲ್ ಆದ ಸುದ್ದಿ ತಂದಿದ್ದೇನೆ ಎಂದುಕೊಂಡಿದ್ದರು. ನಡೆದದ್ದನ್ನೆಲ್ಲ ಹೇ‍ಳಿದೆ. ಲಾ ಹೇಳಿದೆ, ಚುಕ್ಕಿ ಹೇಳಿದೆ, ಎರಡು ಉತ್ತರ ಯಾಕೆ ಎಂಬುದನ್ನು ಬೆಲ್ಲದ ಚೂರು ಇಟ್ಟು ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ವ್ಯಾಪಾರಸ್ಥರು ಕೊನೆಯವರೆಗೆ ಕೇಳಿದ ಮೇಲೆಯೇ 'ಇಲ್ಲ' ಎನ್ನುವುದು.

"ನೀವಂದದ್ದು ಖರೇನ ಇರಬೇಕ್ರಿ ಮಾಸ್ತರ" ಎಂದರು. "ಆದ್ರ ಈಗ ನಿಮ್ಮ ಕಡಿ ನೌಕರಿ ಇಲ್ಲ. ನನ್ನ ಮಗಳ್ನ ಏನ್ ಸೊನ್ನಿಗಿ ಕೊಡ್ಲ್ಯಾ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಮತ್ತೆ ಸುರುವಾಯಿತು, ಮೊದಲಿಗಿಂತ ಜೋರಾಗಿ. ಬಡಿಯುತ್ತಿದ್ದವಳು ಅವಳೋ ಅವಳ ತಾಯಿಯೋ ನನಗೆ ತಿಳಿಯಲಿಲ್ಲ, ಅವಳೇ ಎಂದು ನಾನು ಅಂದುಕೊಂಡೆ. ದುಃಖವಾಯಿತು. ಬಹಳ ದುಃಖವಾಯಿತು. ಸಾಹೇಬರ ಮೇಲೆ ಬಂದ ಸಿಟ್ಟು ದಾರಿಯುದ್ದಕ್ಕೂ ಇತ್ತು, ಅಲ್ಲಿ ಕೂತಾಗ ಮಾತ್ರ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಹಾಗೆಂದು ನಾನು ಪಶ್ಚಾತ್ತಾಪ ಪಟ್ಟೆ ಎಂದುಕೊಳ್ಳಬೇಡಿ. ಸುಳ್ಳು ಯಾಕೆ ಹೇಳಲಿ, ಇಲ್ಲ. ಮಸ್ಕಿಗೆ ಬಂದು ಹೊಲ ನೋಡಿಕೊಂಡೆ. ಬಂದವರೆಲ್ಲ "ಏನಂತ ನಿಮ್ಮ ಸೊನ್ನಿ?" ಎಂದು ಕೇಳಿ ಹೋಗುತ್ತಿದ್ದರು. ಓಣಿಯ ಹುಡುಗರು ನನಗೆ ಸೊನ್ನಿ ಮಾಸ್ತರ ಎಂದು ಹೆಸರಿಟ್ಟರು. ಹಿಂದಿನಿಂದ ಕೂಗಿ ಓಡುತ್ತಿದ್ದರು, ನಾನು ಕಲ್ಲು ತೂರುತ್ತಿದ್ದೆ. ನನ್ನ ಅವ್ವ ಮಾತ್ರ ಒಂದು ದಿನ ರೊಟ್ಟಿ ಹಾಕುತ್ತಾ, "ಎರಡು ಉತ್ತರ ಇದ್ವು ಅಂದ್ರ ಎರಡು ಇದ್ವು. ಅದಕ್ಯಾಕ ಹೆದರಬೇಕು?" ಎಂದಳು. ಅವಳಿಗೆ ಲೆಕ್ಕ ತಿಳಿಯುತ್ತಿರಲಿಲ್ಲ.

ಬೇಸಿಗೆ ಬಂತು. ಒಂದು ಮುಂಜಾನೆ ಸಿಂಧನೂರಿನ ಸಾವುಕಾರರು ನಮ್ಮ ಮನೆಯ ಮುಂದೆ ಗಾಡಿ ಇಳಿದರು. ಮನಸ್ಸು ಬದಲಾಯಿತೇನೋ ಎಂದು ಎದ್ದು ಚಾಪೆ ಹಾಸಿದೆ. ಅವರು ಕೂತು, ಅಕ್ಕಿಕಾಳು ಕೈಗಿಟ್ಟು, ಮಗಳ ಲಗ್ನಕ್ಕೆ ಬರಬೇಕು ಎಂದರು.

"ಗಂಡು ಯಾರ್ರೀ?" ಎಂದಳು ಅವ್ವ.

"ನಿಮ್ಮ ಮಗನ ಗುರ್ತದವ್ರ. ಲಿಂಗಸುಗೂರ ಸಾಲಿ ಭೂಗೋಳದ ಮಾಸ್ತರ. ಈಗ ಲೆಕ್ಕನೂ ಅವ್ರ ಕಲಿಸ್ತಾರಂತ. ಮುಸ್ತಕಿಲ್ ಆಗ್ಯಾರ್ರೀ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದರು: "ನೀವು ಬರಾಕ ಬೇಕ್ರಿ ಮಾಸ್ತರ. ಆ ಜಾಗಾ ತೆರವಾಗದಿದ್ರ ಈ ಸಂಬಂಧ ಎಲ್ಲಿ ಆಗ್ತಿತ್ತು? ನಿಮ್ಮ ದೆಸಿಲಿಂದನ ಆತು."

ಇದಕ್ಕೆ ಏನನ್ನಬೇಕು? ಅವರು ಕುಚೋದ್ಯ ಮಾಡುತ್ತಿರಲಿಲ್ಲ, ಮನಸಾರೆ ಉಪಕಾರ ನೆನೆಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಮುಸ್ತಕಿಲ್ ಮಾಸ್ತರ. ಅದು ನಾನಾದರೇನು, ಅವನಾದರೇನು! ಹೋಗಬೇಡ ಎಂದಳು ಅವ್ವ. ಹಟಕ್ಕೆ ಹೋದೆ. ಬರದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹೊಟ್ಟೆಕಿಚ್ಚಂತೂ ಇತ್ತು, ಅದು ಊರಿಗೆ ಯಾಕೆ ತಿಳಿಯಬೇಕು?

ಹಂದರದ ತುಂಬ ಜನ. ನಾನು ಹಿಂದೆ ಒಂದು ಕಂಬಕ್ಕೆ ಆತುಕೊಂಡು ನಿಂತಿದ್ದೆ. ಮದುಮಗ ನನ್ನನ್ನು ಕಂಡವನೇ ತಾಳಿಗೆ ಇನ್ನೂ ಹೊತ್ತಿದೆ ಎಂದು ಯಾರಿಗೋ ಹೇಳಿ, ಬಾಸಿಂಗ ಕಟ್ಟಿಕೊಂಡೇ ಎದ್ದು ಬಂದ. ನನ್ನ ತೋಳು ಹಿಡಿದು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಲೇ ಹೋದೆ.

"ಸಿಟ್ಟಾಗಬ್ಯಾಡ್ರೀ" ಎಂದ ಅವನು. ಹಣೆಯ ಮೇಲೆ ಬೆವರು ಹನಿಗೂಡಿತ್ತು. "ಆ ಲೆಕ್ಕದಾಗ ಸೊನ್ನಿ ಹೆಂಗ ಬರ್ತದ್ರೀ? ನಿಮ್ಮ ಹುಡುಗರು ನನ್ನ ಜೀವಾ ತಿನ್ನಾಕತ್ತಾರ. ಐದು ಅಂದ್ರ ಇನ್ನೊಂದೆಲ್ಲಿ, ಇನ್ನೊಂದೆಲ್ಲಿ ಅಂತ ಇಡೀ ವರ್ಗ ಎದ್ದು ನಿಂದ್ರತದ. ನನಗ ತಿಳಿವಲ್ದು."

ಅವನ ಮೇಲೆ ಬೇಕಾದಷ್ಟು ಸಿಟ್ಟು ಕಟ್ಟಿಕೊಂಡು ಬಂದಿದ್ದೆ. ಆದರೆ ಹಾಳಾದ್ದು ಈ ಮಾಸ್ತರಿಕೆ, ಯಾರಾದರೂ ಕೇಳಿದರೆ ಹೇಳದೆ ಇರಲಿಕ್ಕೆ ಬರುವುದಿಲ್ಲ. ನೆಲದ ಮೇಲೆ ಕೂತು ಕಡ್ಡಿ ಹಿಡಿದು ಧೂಳಿನಲ್ಲಿ ಬರೆದೆ. ಅವನೂ ರೇಷ್ಮೆ ಧೋತರ ಎತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತ.

"ಎರಡೂ ಕಡಿ ಲಾದಿಂದ ಭಾಗಿಸ್ತೀರಲ್ಲ, ಲಾ ಸೊನ್ನಿ ಅಲ್ಲ ಅಂತ ನಿಮಗ ಯಾರು ಹೇಳ್ಯಾರ?" ಎಂದೆ. "ಭಾಗಿಸಬ್ಯಾಡ್ರಿ. ಎಲ್ಲಾ ಒಂದು ಕಡಿ ತರ್ರಿ. ಈ ಕಡಿ ಸೊನ್ನಿ ಕುಂದ್ರಿಸ್ರಿ. ಇದು ಒಂದು, ಇದು ಒಂದು, ಎರಡನ್ನೂ ಗುಣಿಸಿದ್ರ ಸೊನ್ನಿ. ಈಗ ಹೇಳ್ರಿ, ಎರಡರಾಗ ಸೊನ್ನಿ ಯಾವ್ದು?"

ಅವನು ನೋಡಿದ, ಮತ್ತೆ ನೋಡಿದ. ಬಾಸಿಂಗದ ಮುತ್ತುಗಳು ಕಣ್ಣಿಗೆ ಅಡ್ಡ ಬರುತ್ತಿದ್ದವು, ಸರಿಸಿ ನೋಡಿದ.

"ಇದಾದ್ರೂ ಇರಬಹುದು... ಅದಾದ್ರೂ ಇರಬಹುದು... ಹೌದಲ್ರೀ!" ಎಂದು ಕೂಗಿಬಿಟ್ಟ. "ಎರಡು ಅದಾವಲ್ರೀ! ಖರೇನ ಎರಡು ಅದಾವ!" ಅವನ ಮುಖ ಹಬ್ಬದ ದಿನದ ಹುಡುಗನ ಮುಖದ ಹಾಗೆ ಬೆಳಗಿತು. ದೇವರಾಣೆ, ನನಗೂ ಸಂತೋಷವಾಯಿತು. ಅವನ ಬೆನ್ನು ತಟ್ಟಿ, ಸೊನ್ನೆ, ಐದು ಎಂದು ಎರಡೂ ಉತ್ತರವನ್ನು ಧೂಳಿನಲ್ಲಿ ಬರೆದೆ.

"ಇನ್ನ ಹುಡುಗರಿಗೆ ಹಿಂಗ ಹೇಳ್ರಿ. ಒಂದ ಏಟಿಗೆ ತಿಳೀತದ" ಎಂದೆ.

ಅವನ ನಗು ಅಲ್ಲಿಗೆ ಇಳಿಯಿತು. ಎದ್ದು ನಿಂತು, ಕೊಟ್ಟಿಗೆಯ ಆ ಕಡೆ ಈ ಕಡೆ ಇಣುಕಿದ. "ಹುಡುಗರಿಗೆ ಐದನ ಹೇಳ್ತೀನ್ರೀ" ಎಂದ ಸಣ್ಣ ದನಿಯಲ್ಲಿ. "ಮುಸ್ತಕಿಲ್ ಆಗಿ ಇನ್ನಾ ಭಾಳ ದಿನಾ ಆಗಿಲ್ಲ. ಮ್ಯಾಲ ಮದಿವಿ ಬ್ಯಾರೆ ಆಗಾಕತ್ತೀನಿ."

ಹಂದರದಿಂದ ಮದುಮಗನನ್ನು ಕೂಗಿದರು. ಅವನು ಧೋತರ ಕೊಡವಿಕೊಂಡ. ಹಿಮ್ಮಡದಿಂದ ಸೊನ್ನೆಯೊಂದನ್ನೇ ಒರೆಸಿ, ಐದನ್ನು ಹಾಗೇ ಬಿಟ್ಟು, ತಾಳಿ ಕಟ್ಟಲು ಹೋದ.